ಎಕ್ಸ್‌ರೇಯಲ್ಲಿ ಉಳಿದುಹೋದ ಗೆರೆ

ಬಾಲ್ಕನಿಯ ಬೆಳಕಿಗೆ ಎಕ್ಸ್‌ರೇ ಹಾಳೆ ಹಿಡಿದು ನೋಡಿದರೆ ಬಲ ಶ್ವಾಸಕೋಶದ ಮೇಲ್ತುದಿಯಲ್ಲಿ ಒಂದು ಬಿಳಿ ಗೆರೆ ಕಾಣುತ್ತದೆ. ಉಗುರಲ್ಲಿ ಗೀಚಿದಷ್ಟು. ತಿಳಿಯದವರು ಪಕ್ಕೆಲುಬಿನ ನೆರಳೇ ಅಂದುಕೊಂಡಾರು. 2016ರಲ್ಲಿ ನನ್ನ ಎದೆಯೊಳಗೆ ಉಳಿದ ಗುರುತು ಅದು. ಮೂರು ವರ್ಷದ ನಂತರ ಕೈಗೆ ಬಂದಿದ್ದ ಕೆಲಸವೊಂದು ತಪ್ಪಿಹೋದದ್ದು ಅದೇ ಗೆರೆಯಿಂದ.

ನನಗೆ ಟಿಬಿ ಆಗಿತ್ತು. ಇಷ್ಟು ಸಣ್ಣ ವಾಕ್ಯವನ್ನು ಈವರೆಗೆ ಎಲ್ಲೂ ಬರೆದವಳಲ್ಲ ನಾನು.

ಆಗ ನನಗೆ ಇಪ್ಪತ್ಮೂರು ವರ್ಷ. ಮುಂಬಯಿಯ ಫೋರ್ಟ್ ಪ್ರದೇಶದ ಒಂದು ಚಿಕ್ಕ ಆಫೀಸಿನಲ್ಲಿ ಲೆಕ್ಕ ಬರೆಯುವ ಕೆಲಸ. ಡೊಂಬಿವಲಿಯಿಂದ ಬೆಳಿಗ್ಗೆ ಫಾಸ್ಟ್ ಲೋಕಲ್, ಸಂಜೆ ಅದೇ ದಾರಿಯಲ್ಲಿ ವಾಪಸ್. ಮೂರು ವಾರ ಕೆಮ್ಮು ಹೋಗಲಿಲ್ಲ. ಸಂಜೆಯಾದರೆ ಮೈ ಬೆಚ್ಚಗೆ, ರಾತ್ರಿ ದಿಂಬು ಒದ್ದೆಯಾಗುವಷ್ಟು ಬೆವರು, ಚೂಡಿದಾರ್ ಭುಜದಿಂದ ಜಾರುವಷ್ಟು ಸೊರಗಿದೆ. ನಮ್ಮ ಬೀದಿಯ ಡಾಕ್ಟರರು ಎಕ್ಸ್‌ರೇ ನೋಡಿ, ಅಮ್ಮನ ಕಡೆ ತಿರುಗಿ, ತಗ್ಗಿದ ದನಿಯಲ್ಲಿ "ಕಾಕ್ಸ್" ಅಂದರು. ಮುಂಬಯಿಯಲ್ಲಿ ರೋಗಿಯ ಎದುರು ಟಿಬಿ ಎಂಬ ಮಾತನ್ನು ಡಾಕ್ಟರರು ಬಾಯಿಬಿಟ್ಟು ಹೇಳುವುದು ಕಡಿಮೆ. ಈ ರೋಗದ ಬ್ಯಾಕ್ಟೀರಿಯಾವನ್ನು ಕಂಡುಹಿಡಿದದ್ದಾಗಿ 1882ರ ಮಾರ್ಚ್ 24ರಂದು ಬರ್ಲಿನ್ನಿನಲ್ಲಿ ಜಗತ್ತಿಗೆ ತಿಳಿಸಿದ ರಾಬರ್ಟ್ ಕಾಕ್‌ನ ಹೆಸರು ಅದು. ಕಂಡುಹಿಡಿದವನ ಹೆಸರೇ ಈಗ ರೋಗವನ್ನು ಮುಚ್ಚುವ ಸೆರಗಾಗಿದೆ. ಅಮ್ಮನಿಗೆ ಆ ಮಾತು ಅರ್ಥವಾಗಲಿಲ್ಲ. ಅಪ್ಪಯ್ಯನಿಗೆ ಅರ್ಥವಾಯಿತು. ಅವರು ಕುರ್ಚಿಯಿಂದ ಎದ್ದು ಹೊರಗೆ ಹೋಗಿ ನಿಂತರು.

ಮೊದಲ ದಿನ ಮಾತ್ರೆ ನುಂಗಿದ ಮೇಲೆ ಮೂತ್ರ ಕೆಂಪು ಕಿತ್ತಳೆ ಬಣ್ಣಕ್ಕೆ ತಿರುಗಿತು. ಹೆದರಿ ಅಮ್ಮನನ್ನು ಕೂಗಿದೆ. ರಿಫಾಂಪಿಸಿನ್ ಎಂಬ ಔಷಧದ ಬಣ್ಣವಂತೆ, ಏನೂ ಆಗುವುದಿಲ್ಲವಂತೆ. ಎರಡು ತಿಂಗಳು ನಾಲ್ಕು ಬಗೆಯ ಔಷಧ, ಮತ್ತೆ ನಾಲ್ಕು ತಿಂಗಳು ಅದರಲ್ಲಿ ಕೆಲವು. ಎರಡು ವಾರ ಸರಿಯಾಗಿ ಮಾತ್ರೆ ಬಿದ್ದರೆ ಸಾಮಾನ್ಯವಾಗಿ ಬೇರೆಯವರಿಗೆ ಹರಡುವ ಭಯ ಇರುವುದಿಲ್ಲ ಎಂದು ಡಾಕ್ಟರರು ಹೇಳಿದ್ದರು. ಆದರೂ ಆರು ತಿಂಗಳು ನಮ್ಮ ಮನೆಯಲ್ಲಿ ನನ್ನ ಲೋಟ ಬೇರೆ ಇತ್ತು. ಬೇರೆ ಇಡಬೇಕು ಎಂದು ಯಾರೂ ಹೇಳಲಿಲ್ಲ. ನಾನೇ ಇಟ್ಟುಕೊಂಡೆ.

"ಆಫೀಸಲ್ಲಿ ಟೈಫಾಯಿಡ್ ಅಂತ ಹೇಳು ಮಗಾ. ಯಾರತ್ರೂ ನಿಜ ಹೇಳುಕೆ ಹೋಗ್ಬೇಡ," ಎಂದರು ಅಮ್ಮ. ಟೈಫಾಯಿಡ್ ಎಂದೇ ಹೇಳಿದೆ. ಟೈಫಾಯಿಡ್‌ಗೆ ಮರ್ಯಾದೆ ಇದೆ. ಯಾರಿಗೆ ಬೇಕಾದರೂ ಬರಬಹುದು, ಹೋಗಬಹುದು. ಟಿಬಿ ಹಾಗಲ್ಲ. ಅದು ಬಂದರೆ ಮನೆತನದ್ದು, ಬಡತನದ್ದು, ಹೆಣ್ಣುಮಕ್ಕಳಾದರೆ ಮದುವೆಯದ್ದೂ ಲೆಕ್ಕ ಶುರುವಾಗುತ್ತದೆ. ಅಮ್ಮನ ಮೇಲೆ ನನಗೆ ಸಿಟ್ಟಿಲ್ಲ. ಅವರ ಹೆದರಿಕೆ ಎಲ್ಲಿಂದ ಬಂದದ್ದು ಎಂದು ನನಗೆ ಗೊತ್ತು.

ಅದು ಅಪ್ಪಯ್ಯ ಹೇಳುತ್ತಿದ್ದ ಕಥೆಯಿಂದ ಬಂದದ್ದು. ಅವರು ಕುಂದಾಪುರದ ಹತ್ತಿರದ ಹಳ್ಳಿಯಿಂದ ಹದಿಮೂರನೇ ವಯಸ್ಸಿಗೆ ಮುಂಬಯಿಗೆ ಬಂದು ಗಿರ್‌ಗಾಂವಿನ ಒಂದು ಹೋಟೆಲಿನಲ್ಲಿ ಕ್ಲೀನರ್ ಆಗಿ ಸೇರಿದವರು. ಹಗಲು ಟೇಬಲ್ ಒರೆಸುವುದು, ರಾತ್ರಿ ಕನ್ನಡ ಶಾಲೆ. ಗಿರಾಕಿಗಳೆಲ್ಲ ಹೋದ ಮೇಲೆ ಅದೇ ಟೇಬಲುಗಳನ್ನು ಜೋಡಿಸಿ ಮಲಗುವುದು. ಅಟ್ಟದ ಮೇಲೆ ಇನ್ನೂ ಎಂಟು ಮಂದಿ. ಕಿಟಕಿ ಇಲ್ಲ, ಒಲೆಯ ಹಬೆ ಮೇಲೇರಿ ಅಲ್ಲಿಯೇ ನಿಲ್ಲುತ್ತಿತ್ತು. ಅಪ್ಪಯ್ಯನ ಪಕ್ಕದಲ್ಲಿ ಮಲಗುತ್ತಿದ್ದ ಹುಡುಗ ಒಬ್ಬ, ನಮ್ಮೂರ ಕಡೆಯವನೇ, ಮಳೆಗಾಲದಲ್ಲಿ ಕೆಮ್ಮಲು ಶುರುಮಾಡಿದ. ಕರವಸ್ತ್ರದಲ್ಲಿ ರಕ್ತ ಕಂಡ ದಿನ ಯಜಮಾನರು ಅವನನ್ನು ಗಲ್ಲೆಯ ಹತ್ತಿರ ಕರೆದು ಎರಡು ತಿಂಗಳ ಸಂಬಳ, ಬಸ್ಸಿನ ಟಿಕೆಟು ಕೊಟ್ಟರು. "ಊರ ಗಾಳಿಗೆ ಸರಿಯಾಗ್ತದೆ, ಗುಣ ಆದ ಮೇಲೆ ಬಾ" ಅಂದರು. ಯಜಮಾನರು ಕೆಟ್ಟವರಲ್ಲ ಎಂದು ಅಪ್ಪಯ್ಯ ಪ್ರತಿಸಲ ಸೇರಿಸುತ್ತಾರೆ. ಹುಡುಗ ಹೋದ ರಾತ್ರಿ ಅವನು ಕುಡಿಯುತ್ತಿದ್ದ ಸ್ಟೀಲು ಲೋಟವನ್ನು ಯಾರೋ ಮೋರಿಗೆ ಎಸೆದರು. ಅವನು ಮತ್ತೆ ಬರಲಿಲ್ಲ.

ಆ ಕಾಲಕ್ಕೆ ಹಾಗಿತ್ತು ಎಂದು ಬಿಟ್ಟುಬಿಡಬಹುದಿತ್ತು, 2019ರಲ್ಲಿ ನನಗೇ ಆಗದೆ ಹೋಗಿದ್ದರೆ.

ಅಂಧೇರಿಯಲ್ಲೊಂದು ದೊಡ್ಡ ಕಂಪನಿ. ಮೂರು ಸುತ್ತು ಸಂದರ್ಶನ ಮುಗಿದು ಆಫರ್ ಲೆಟರ್ ಬಂತು. ಸಂಬಳ ಹೆಚ್ಚುಕಡಿಮೆ ಎರಡರಷ್ಟು. ಪತ್ರದ ಕೊನೆಯ ಪುಟದಲ್ಲಿ ಒಂದು ಸಾಲು: ವೈದ್ಯಕೀಯ ಪರೀಕ್ಷೆಯಲ್ಲಿ ಯೋಗ್ಯರೆಂದು ಕಂಡುಬಂದರೆ ಮಾತ್ರ. ನಾನು ಓದಿ ಮುಂದೆ ಹೋದೆ. ಗುಣವಾಗಿ ಮೂರು ವರ್ಷ ಕಳೆದಿತ್ತು, ಮಳೆಗಾಲದಲ್ಲಿ ನೆಗಡಿ ಕೂಡ ನನಗೆ ಬೇರೆಯವರಿಗಿಂತ ಕಡಿಮೆ. ಹಳೇ ಆಫೀಸಿಗೆ ರಾಜೀನಾಮೆ ಕೊಟ್ಟು ನೋಟಿಸ್ ಅವಧಿಯಲ್ಲಿದ್ದೆ. ಕಂಪನಿ ಹೇಳಿದ ಲ್ಯಾಬಿಗೆ ಹೋಗಿ ರಕ್ತ ಕೊಟ್ಟೆ, ಮೂತ್ರ ಕೊಟ್ಟೆ, ತಣ್ಣನೆಯ ತಟ್ಟೆಗೆ ಎದೆಯೊತ್ತಿ ಉಸಿರು ಬಿಗಿಹಿಡಿದು ನಿಂತೆ.

ವರದಿ ನನ್ನ ಕೈಗೆ ಬರಲಿಲ್ಲ. ನೇರವಾಗಿ ಕಂಪನಿಗೆ ಹೋಯಿತು. ನನ್ನ ಎದೆಯೊಳಗೆ ಏನಿದೆ ಎಂದು ನನಗಿಂತ ಮುಂಚೆ, ನಾನು ಮುಖ ನೋಡಿರದ ಎಚ್‌ಆರ್ ಹುಡುಗನಿಗೆ ತಿಳಿಯಿತು. ಅವನು ಫೋನಿನಲ್ಲಿ ತಡವರಿಸುತ್ತ ಕೇಳಿದ: "ಮ್ಯಾಡಂ, ನಿಮಗೆ ಮೊದಲು ಏನಾದರೂ ಆಗಿತ್ತಾ?" ಲ್ಯಾಬಿಗೆ ಹೋಗಿ ಜಗಳ ಮಾಡಿ ಪ್ರತಿ ತೆಗೆದುಕೊಂಡೆ. ಬಲ ಮೇಲ್ಭಾಗದಲ್ಲಿ ನಾರುಗಟ್ಟಿದ ಗುರುತು, ಹಳೇ ಕಾಕ್ಸ್ ಇದ್ದೀತು, ವೈದ್ಯರು ತಾಳೆನೋಡುವುದು ಒಳ್ಳೆಯದು, ಇಷ್ಟೇ ಬರೆದಿತ್ತು. ಬರೆದ ರೇಡಿಯಾಲಜಿಸ್ಟ್ ತನ್ನ ಕೆಲಸ ಸರಿಯಾಗಿಯೇ ಮಾಡಿದ್ದರು. ಎಕ್ಸ್‌ರೇ ಒಂದರಿಂದಲೇ ರೋಗ ಈಗ ಇದೆಯೋ ಹಿಂದೆ ಇದ್ದು ಹೋಯಿತೋ ಎಂದು ಖಚಿತವಾಗಿ ಹೇಳಲಾಗದು, ಕಫದ ಪರೀಕ್ಷೆ ಬೇಕು, ಹಳೆಯ ಚಿತ್ರದ ಜೊತೆ ಹೋಲಿಸಬೇಕು. ನಾನು ಎರಡನ್ನೂ ಮಾಡಿಸಿದೆ. ಕಫದಲ್ಲಿ ಏನೂ ಇಲ್ಲ. 2016ರ ಕೊನೆಯ ಎಕ್ಸ್‌ರೇಗೂ ಇದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ನನ್ನ ಡಾಕ್ಟರರು ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು: ಪೂರ್ತಿ ಗುಣವಾಗಿದೆ, ಯಾವ ಕೆಲಸಕ್ಕೂ ಯೋಗ್ಯಳು.

ಎಲ್ಲ ಕಳಿಸಿದೆ. ಒಂದು ವಾರ ಉತ್ತರವಿಲ್ಲ. ಎರಡನೇ ವಾರ ಎರಡು ಸಾಲಿನ ಮೇಲ್ ಬಂತು. ಆ ಹುದ್ದೆಯ ನೇಮಕಾತಿಯನ್ನು ಸದ್ಯಕ್ಕೆ ತಡೆಹಿಡಿದಿದ್ದಾರಂತೆ. ಅದರಲ್ಲಿ ಟಿಬಿ ಎಂಬ ಪದವೇ ಇರಲಿಲ್ಲ. ಇದ್ದಿದ್ದರೆ ಯಾರ ಮುಂದಾದರೂ ಹಿಡಿಯಬಹುದಿತ್ತು. ಹೀಗೆ ತಪ್ಪಿಹೋಗುವ ಕೆಲಸಗಳಿಗೆ ಸಾಕ್ಷಿಯೇ ಇರುವುದಿಲ್ಲ. ತಿಂಗಳಾದ ಮೇಲೆ ಅದೇ ಹುದ್ದೆ ನೌಕರಿಯ ಜಾಹೀರಾತಿನಲ್ಲಿ ಕಂಡಿತು.

ಆಮೇಲೆ ನಾಲ್ಕು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿದ್ದೆ. ಓದುತ್ತಿದ್ದೆ. ಕೋಪಕ್ಕೆ ಒಂದು ದಾರಿ ಬೇಕಿತ್ತಲ್ಲ, ಹಾಗಾಗಿ ಕಾನೂನು ಓದಿದೆ.

ನಮ್ಮದೇ ಮುಂಬಯಿ ಹೈಕೋರ್ಟು 1997ರಲ್ಲಿ ಕೊಟ್ಟ ತೀರ್ಪೊಂದು ಸಿಕ್ಕಿತು. ಸಾರ್ವಜನಿಕ ವಲಯದ ನಿಗಮವೊಂದರಲ್ಲಿ ದಿನಗೂಲಿಯಾಗಿ ದುಡಿಯುತ್ತಿದ್ದ ಮನುಷ್ಯ. ಕೆಲಸ ಖಾಯಂ ಆಗುವ ಹೊತ್ತಿಗೆ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಸೋಂಕು ಕಂಡಿತು. ಮೈಯಲ್ಲಿ ಕಸುವಿತ್ತು, ಕೆಲಸ ಮಾಡುತ್ತಲೇ ಇದ್ದ, ಆದರೂ ಪಟ್ಟಿಯಿಂದ ಹೆಸರು ತೆಗೆದರು. ಅವನು ಕೋರ್ಟಿಗೆ ಹೋದ. ನಿಜ ಹೆಸರು ಹೊರಬಿದ್ದರೆ ಬದುಕು ಇನ್ನೂ ಕಷ್ಟವಾದೀತೆಂದು ನ್ಯಾಯಾಲಯವೇ ಅವನಿಗೆ 'ಎಂಎಕ್ಸ್' ಎಂಬ ಗುಪ್ತನಾಮದಲ್ಲಿ ವಾದಿಸಲು ಬಿಟ್ಟಿತು. ಎದುರುಪಕ್ಷ 'ಝಡ್‌ವೈ'. ತೀರ್ಪಿನ ಸಾರ ಇಷ್ಟು: ಆ ಮನುಷ್ಯ ಆ ಕೆಲಸ ಮಾಡಬಲ್ಲನೆ? ಕೆಲಸದ ಜಾಗದಲ್ಲಿ ಇತರರಿಗೆ ಅವನಿಂದ ಅಪಾಯವಿದೆಯೆ? ಪ್ರತಿಯೊಬ್ಬನ ವಿಷಯದಲ್ಲೂ ಈ ಪ್ರಶ್ನೆಗಳನ್ನೇ ಕೇಳಬೇಕು. ಸೋಂಕಿದೆ ಎಂಬುದೊಂದೇ ಕಾರಣಕ್ಕೆ ಕೆಲಸ ನಿರಾಕರಿಸುವ ಹಾಗಿಲ್ಲ.

ಆ ಪುಟಗಳನ್ನು ಮತ್ತೆ ಮತ್ತೆ ಓದಿದೆ. ಅಂಧೇರಿಯ ಕಂಪನಿ ಈ ಎರಡು ಪ್ರಶ್ನೆಗಳಲ್ಲಿ ಒಂದನ್ನೂ ನನಗೆ ಕೇಳಿರಲಿಲ್ಲ. ಅವರು ಕೇಳಿದ್ದು "ಮೊದಲು ಏನಾದರೂ ಆಗಿತ್ತಾ" ಎಂದು. ಕುರ್ಚಿಯಲ್ಲಿ ಕೂತು ಜಿಎಸ್‌ಟಿ ಲೆಕ್ಕ ತಾಳೆನೋಡುವುದಕ್ಕೆ ಆ ಪ್ರಶ್ನೆ ಯಾಕೆ ಬೇಕು ಎಂದು ಈಗಲೂ ನನಗೆ ತಿಳಿದಿಲ್ಲ.

ಪರೀಕ್ಷೆಯೇ ಬೇಡ ಎಂದು ನಾನು ಹೇಳುತ್ತಿಲ್ಲ. ದಿನಾ ಎರಡು ಹೊತ್ತು ಲೋಕಲ್‌ನಲ್ಲಿ ಕೂರುವವಳು ನಾನು. ಎಂಜಿನ್ನಿನಲ್ಲಿ ಕೂತವರ ಕಣ್ಣು ಸರಿಯಾಗಿರಲಿ, ಕೆಂಪು ಹಸಿರು ಬೇರೆಬೇರೆಯಾಗಿ ಕಾಣಲಿ ಎಂದು ರೈಲ್ವೆ ಅವರಿಗೆ ಎ-1 ಎಂಬ ಅತಿ ಕಟ್ಟುನಿಟ್ಟಿನ ದರ್ಜೆ ಇಟ್ಟಿರುವುದು ನನ್ನ ಜೀವಕ್ಕಾಗಿಯೇ. ಹೋಟೆಲಿನ ಅಡುಗೆಮನೆಯಲ್ಲಿ ಕೈಯಾಡಿಸುವವರಿಗೆ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಆಗಬೇಕೆಂದು ಆಹಾರ ಸುರಕ್ಷತೆಯ ನಿಯಮಗಳು ಹೇಳುತ್ತವೆ, ಅದೂ ಸರಿ. ಮಾತ್ರೆ ಇನ್ನೂ ಶುರುವಾಗದ, ಕೆಮ್ಮುತ್ತಿರುವ ಟಿಬಿ ರೋಗಿಯನ್ನು ಕಿಟಕಿ ತೆರೆಯದ ಎಸಿ ಕೋಣೆಯಲ್ಲಿ ಹತ್ತು ಜನರ ನಡುವೆ ಕೂರಿಸುವುದು ತಪ್ಪೇ. ಅವನಿಗೆ ರಜೆ ಬೇಕು, ಔಷಧ ಬೇಕು, ಕೆಲವು ವಾರ ಬಿಟ್ಟು ಕುರ್ಚಿ ವಾಪಸ್ ಬೇಕು. ಇವೆಲ್ಲ ಕೆಲಸಕ್ಕೆ ಸಂಬಂಧಪಟ್ಟ ಪ್ರಶ್ನೆಗಳು. ಎಂದೋ ಆಗಿ ಗುಣವಾದದ್ದರ ಕಲೆ ಆ ಲೆಕ್ಕಕ್ಕೆ ಸೇರುವುದಿಲ್ಲ.

ಎಚ್‌ಐವಿ ವಿಷಯದಲ್ಲಿ ಈಗ ಪ್ರತ್ಯೇಕ ಕಾನೂನೇ ಇದೆ. 2017ರಲ್ಲಿ ಆಗಿ 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂತು. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿಯಿದೆ. ಅದನ್ನು ಓದುವಾಗ ಒಂದು ಕಡೆ ನನ್ನ ಬೆರಳು ನಿಂತಿತು: ಕುಷ್ಠದಿಂದ ಗುಣವಾದವರು. ರೋಗ ಹೋದ ಮೇಲೂ ಅದರ ಪೆಟ್ಟು ಉಳಿಯುತ್ತದೆ ಎಂದು ಕಾನೂನು ಬರೆದವರಿಗೆ ತಿಳಿದಿತ್ತು. ನಮ್ಮ ವಡಾಲಾದಲ್ಲಿ 1890ರಿಂದ ನಿಂತಿರುವ ಆಕ್‌ವರ್ತ್ ಕುಷ್ಠರೋಗ ಆಸ್ಪತ್ರೆಯ ಗೋಡೆ ಕಂಡಾಗಲೆಲ್ಲ ಈಗ ಆ ಸಾಲು ನೆನಪಾಗುತ್ತದೆ. ಆ ಪಟ್ಟಿಯಲ್ಲಿ ಟಿಬಿಯಿಂದ ಗುಣವಾದವರು ಇಲ್ಲ. ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲೇ ಇದ್ದಾರೆ. ಅವರಲ್ಲಿ ಬಹುಪಾಲು ಗುಣವಾಗುತ್ತಾರೆ. ಗುಣವಾದ ಮೇಲೆ ಅವರೆಲ್ಲ ಹೊಟ್ಟೆಪಾಡಿಗೆ ಎಲ್ಲಿಗೋ ಕೆಲಸ ಕೇಳಿಕೊಂಡು ಹೋಗಬೇಕಲ್ಲ?

ಈಗಾಗಲೇ ಕೆಲಸದಲ್ಲಿರುವವರಿಗೆ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಒಂದು ದೊಡ್ಡ ಆಸರೆ, ತಿಂಗಳ ಸಂಬಳ 21,000 ರೂಪಾಯಿಯ ಒಳಗಿದ್ದರೆ. ಕಾಯಿಲೆಯ ರಜೆಗೆ ವರ್ಷಕ್ಕೆ 91 ದಿನದವರೆಗೆ ಸಂಬಳದ 70 ಶೇಕಡಾ ಸಿಗುತ್ತದೆ. ಎರಡು ವರ್ಷ ಬಿಡದೆ ಕೆಲಸದಲ್ಲಿದ್ದವರಿಗೆ ಟಿಬಿಯೂ ಸೇರಿದಂತೆ 34 ದೀರ್ಘ ಕಾಯಿಲೆಗಳಲ್ಲಿ 80 ಶೇಕಡಾದಂತೆ ಎರಡು ವರ್ಷದವರೆಗೂ ವಿಸ್ತರಿಸಬಹುದು. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ, ಸಂಬಳದಲ್ಲಿ ಕಡಿತವಾಗುವುದು ಮಾತ್ರ ಗೊತ್ತು. ಆದರೆ ಬಾಗಿಲ ಹೊರಗೆ ನಿಂತವನಿಗೆ ಈ ಆಸರೆ ಇಲ್ಲ.

ಹೊರಗೆ ನಿಂತವರಿಗೆ ಕೊಡುವುದು ಒಂದು ಫಾರಂ. ಅಂಧೇರಿಯ ಕೆಲಸ ತಪ್ಪಿ ಐದು ತಿಂಗಳಾದ ಮೇಲೆ ಮುಲುಂಡಿನ ಒಂದು ಆಫೀಸಿನಲ್ಲಿ ಅಂಥದೊಂದು ನನ್ನ ಕೈಗೂ ಬಂತು. "ಈ ಕೆಳಗಿನವುಗಳಲ್ಲಿ ಯಾವುದಾದರೂ ಎಂದಾದರೂ ಇತ್ತೆ?" ಸಕ್ಕರೆ ಕಾಯಿಲೆ, ಅಸ್ತಮಾ, ಫಿಟ್ಸ್, ಮಾನಸಿಕ ಕಾಯಿಲೆ, ಹೃದಯದ್ದು, ಟಿಬಿ. ಮುಂದೆ ಎರಡೆರಡು ಚೌಕ. ನೀಲಿ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ. ಪಕ್ಕದಲ್ಲಿದ್ದ ಹುಡುಗಿ ಬಡಬಡ ಎಲ್ಲದಕ್ಕೂ 'ಇಲ್ಲ' ಹಾಕಿ ಎದ್ದಳು. ಅವಳದೂ ನಿಜವೋ ಸುಳ್ಳೋ ಯಾರಿಗೆ ಗೊತ್ತು. ನಾನೂ 'ಇಲ್ಲ' ಹಾಕಿದೆ.

1991ರಲ್ಲಿ ಸುಪ್ರೀಂ ಕೋರ್ಟು ನೀರಾ ಮಾಥುರ್ ಪ್ರಕರಣದಲ್ಲಿ ಇಂಥ ಫಾರಮ್ಮಿನ ಬಗ್ಗೆಯೇ ಮಾತಾಡಿದೆ. ಎಲ್‌ಐಸಿ ಆಗ ಹೆಂಗಸರನ್ನು ಮುಟ್ಟಿನ ವಿವರ, ಬಸಿರಿನ ವಿವರ, ಗರ್ಭಪಾತದ ವಿವರ ಎಲ್ಲ ಕೇಳುತ್ತಿತ್ತು. ಬಸಿರನ್ನು ಬರೆಯಲಿಲ್ಲ ಎಂದು ಆಕೆಯ ಕೆಲಸ ಹೋಯಿತು. ಇಂಥ ಅಂಕಣಗಳು ಮಾನಗೇಡು ಎಂದು ನ್ಯಾಯಾಲಯ ಅವನ್ನು ತೆಗೆಸಿ, ಆಕೆಗೆ ಕೆಲಸ ಮರಳಿ ಕೊಡಿಸಿತು. ಮೂವತ್ತು ವರ್ಷ ಕಳೆದ ಮೇಲೆ 2022ರ ಜನವರಿಯಲ್ಲಿ, ಮೂರು ತಿಂಗಳು ದಾಟಿದ ಗರ್ಭಿಣಿಯರು ಕೆಲಸಕ್ಕೆ ಸೇರಲು 'ತಾತ್ಕಾಲಿಕವಾಗಿ ಅಯೋಗ್ಯರು' ಎಂಬ ನಿಯಮ ಸ್ಟೇಟ್ ಬ್ಯಾಂಕಿನಿಂದ ಹೊರಬಂದು, ಗದ್ದಲವಾಗಿ, ಅದೇ ತಿಂಗಳು ವಾಪಸಾಯಿತು. ಒಂದು ಕಡೆ ಅಳಿಸಿದ ಅಂಕಣ ಇನ್ನೊಂದು ಕಡೆ ಹುಟ್ಟುತ್ತದೆ.

ಸುಳ್ಳು ಬರೆದು ಗೆದ್ದೆ ಎಂದು ಅನ್ನಿಸಲಿಲ್ಲ. ಆ ಆಫೀಸಿನಲ್ಲಿ ಎರಡು ವರ್ಷ ಕೆಮ್ಮು ನುಂಗಿಕೊಂಡು ಕೂತಿದ್ದೇನೆ. ಧೂಳಿಗೆ ಗಂಟಲು ಕೆರೆದರೂ ಎದ್ದು ಬಾತ್‌ರೂಮಿಗೆ ಹೋಗಿ, ನಲ್ಲಿ ಬಿಟ್ಟು ಕೆಮ್ಮುತ್ತಿದ್ದೆ. ವರ್ಷದ ಹೆಲ್ತ್ ಚೆಕಪ್ಪಿನ ದಿನ ಬೇಕೆಂದೇ ರಜೆ ಹಾಕುತ್ತಿದ್ದೆ. ನನ್ನದು ಗುಣವಾದ ರೋಗ, ಹಾಗಾಗಿ ಮುಚ್ಚಿಟ್ಟರೂ ಯಾರಿಗೂ ಹಾನಿಯಾಗಲಿಲ್ಲ. ಆದರೆ ಮಾತ್ರೆ ನಡುವೆ ಇರುವವರು ಹೀಗೆಯೇ ಹೆದರಿ, ಆಫೀಸಿನಲ್ಲಿ ಗೊತ್ತಾದೀತೆಂದು ಡಬ್ಬಿ ಮನೆಯಲ್ಲೇ ಬಿಟ್ಟು ಬಂದರೆ? ರಜೆ ಕೇಳಲಾರದೆ ಔಷಧ ತರುವ ದಿನ ತಪ್ಪಿಸಿದರೆ? ಅರ್ಧಕ್ಕೆ ಬಿಟ್ಟ ಮಾತ್ರೆಯಿಂದ ಔಷಧಕ್ಕೆ ಬಗ್ಗದ ಟಿಬಿ ಬೆಳೆಯಬಹುದು. ಆಗ ಅದು ಅದೇ ಆಫೀಸಿನ ಎಸಿಯಲ್ಲಿ, ಅದೇ ಲೋಕಲ್‌ನಲ್ಲಿ ಸುತ್ತುತ್ತದೆ. ಕಂಪನಿಗಳು ಫಾರಮ್ಮಿನಿಂದ ತಡೆಯುತ್ತೇವೆ ಅಂದುಕೊಂಡ ಅಪಾಯವನ್ನು ಆ ಫಾರಮ್ಮೇ ಹೆಚ್ಚಿಸುತ್ತಿದೆ. ನನಗೆ ಎಲ್ಲಕ್ಕಿಂತ ನೋವಾಗುವುದು ಇದಕ್ಕೆ.

ಈಗ ನಾನಿರುವುದು ಭಿವಂಡಿ ಕಡೆಯ ಒಂದು ಗೋದಾಮಿನ ಆಫೀಸಿನಲ್ಲಿ. ಲೆಕ್ಕದ ಜೊತೆಗೆ ಹೊಸಬರ ಕಾಗದಪತ್ರವೂ ನನ್ನ ಮೇಜಿಗೇ ಬರುತ್ತದೆ. ಹೋದ ವರ್ಷ ಒಂದು ಫಾರಂ ಬಂತು. (ಆ ಹುಡುಗನನ್ನು ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿದ್ದೇನೆ.) ಡಿಸ್ಪ್ಯಾಚ್ ವಿಭಾಗಕ್ಕೆ, ಕಲಬುರಗಿ ಕಡೆಯ ಹುಡುಗ. ಟಿಬಿಯ ಮುಂದೆ 'ಹೌದು' ಚೌಕದಲ್ಲಿ ದಪ್ಪಗೆ ಗುರುತು ಹಾಕಿ, ಪಕ್ಕದಲ್ಲಿ ಮರಾಠಿಯಲ್ಲಿ ಬರೆದಿದ್ದ: ಔಷಧ ನಡೆದಿದೆ, ಮೂರನೇ ತಿಂಗಳು.

ಮ್ಯಾನೇಜರರು "ಮೂರು ತಿಂಗಳು ಬಿಟ್ಟು ಬರಲಿ ಬಿಡಿ" ಅಂದರು. ಅವರ ದನಿಯಲ್ಲಿ ದ್ವೇಷವಿರಲಿಲ್ಲ. ಅಪ್ಪಯ್ಯನ ಹೋಟೆಲಿನ ಯಜಮಾನರ ದನಿಯಲ್ಲೂ ಇದ್ದಿರಲಿಕ್ಕಿಲ್ಲ. ಹುಡುಗ ಹೊರಗೆ ಬೆಂಚಿನ ಮೇಲೆ ಕೂತಿದ್ದ. ನಾನು ಕನ್ನಡದವಳು ಎಂದು ತಿಳಿದ ಕೂಡಲೇ ಎದ್ದು ನಿಂತು ಕೇಳಿದ: "ಅಕ್ಕಾರಿ, ಖರೇ ಬರದದ್ದು ತಪ್ಪಾಯ್ತೇನ್ರಿ?"

ನನ್ನ ಬಾಯಿಗೆ ಮಾತೇ ಬರಲಿಲ್ಲ. ಒಳಗೆ ಬಂದು ಅವನ ಡಾಕ್ಟರರಿಗೆ ಒಂದು ಪತ್ರ ಬರೆದೆ. ಕೆಲಸ ಇಂಥದ್ದು, ದಿನಕ್ಕೆ ಒಂಬತ್ತು ಗಂಟೆ, ಪೆಟ್ಟಿಗೆಗಳ ಮೇಲಿನ ಬಾರ್‌ಕೋಡ್ ಓದಿಸಿ ಎಂಟ್ರಿ ಮಾಡುವುದು, ಒಮ್ಮೊಮ್ಮೆ ಪೆಟ್ಟಿಗೆ ಎತ್ತುವುದು, ಧೂಳಿದೆ, ಶಟರ್ ಯಾವಾಗಲೂ ತೆರೆದಿರುತ್ತದೆ. ಇವನು ಇದನ್ನು ಮಾಡಬಹುದೆ? ಜೊತೆಗಿರುವವರಿಗೆ ಇವನಿಂದ ತೊಂದರೆ ಇದೆಯೆ? ಇವನಿಗೆ ನಾವು ಏನು ಅನುಕೂಲ ಮಾಡಿಕೊಡಬೇಕು? ಕಾಯಿಲೆಯ ವಿವರ, ವರದಿ, ಎಕ್ಸ್‌ರೇ ಏನೂ ಕಳಿಸಬೇಡಿ ಎಂದೂ ಬರೆದೆ. ಎರಡು ದಿನದಲ್ಲಿ ಉತ್ತರ ಬಂತು. ಮಾಡಬಹುದು. ತೊಂದರೆ ಇಲ್ಲ. ಎರಡು ತಿಂಗಳು ಭಾರ ಎತ್ತಿಸಬೇಡಿ, ಧೂಳಿರುವಲ್ಲಿ ಮಾಸ್ಕ್ ಕೊಡಿ, ಔಷಧ ತರಲು ತಿಂಗಳಿಗೆ ಅರ್ಧ ದಿನ ಬಿಡಿ. ಮ್ಯಾನೇಜರರು ಆ ಕಾಗದವನ್ನು ಎರಡು ಸಲ ಓದಿ ಸಹಿ ಹಾಕಿದರು. ಸೋಮವಾರದಿಂದ ಹುಡುಗ ಕೆಲಸಕ್ಕೆ ಬಂದ. ಅವನ ಇಎಸ್‌ಐ ನಂಬರನ್ನು ಆ ವಾರವೇ ಮಾಡಿಸಿದೆ. ಮಾತ್ರೆ ಮುಗಿದ ದಿನ ಅರ್ಧ ಕಿಲೋ ಪೇಡೆ ತಂದು ಎಲ್ಲರಿಗೂ ಹಂಚಿದ. ಯಾಕೆಂದು ಕೇಳಿದವರಿಗೆ ಯಾಕೆಂದು ಹೇಳಿಯೇ ಹಂಚಿದ.

ನಾನು ಪೇಡೆ ತಿಂದು ಸುಮ್ಮನಿದ್ದೆ. ನನಗೂ ಆಗಿತ್ತು ಎಂದು ಆವತ್ತಾದರೂ ಹೇಳಬಹುದಿತ್ತು. ಇಪ್ಪತ್ತೆರಡರ ಹುಡುಗ ಹೇಳಿದ್ದನ್ನು ನಾನು ಹೇಳಲಾರದೆ ಹೋದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಫಾರಮ್ಮಿನ ಆ ಚೌಕಗಳ ಸಾಲನ್ನು ತೆಗೆದು, ಡಾಕ್ಟರರಿಗೆ ಬರೆದ ಮೂರು ಪ್ರಶ್ನೆಗಳನ್ನೇ ಇಡೋಣ ಎಂದು ಹೋದ ತಿಂಗಳು ಮೇಲಿನವರಿಗೆ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ಬರೆದದ್ದನ್ನು ಮೊದಲು ಅಮ್ಮನಿಗೆ ಓದಿ ಹೇಳಬೇಕು ಅನ್ನಿಸಿತು. ಆಫೀಸಿನವರಿಗೆ ಕನ್ನಡ ಬರುವುದಿಲ್ಲ, ಓದುವವರೆಲ್ಲ ನಮ್ಮ ನೆಂಟರು, ಡೊಂಬಿವಲಿಯ ನಮ್ಮವರು. ಅವರ ಮಾತು ಕೇಳಬೇಕಾದವರು ಅಮ್ಮ. ನಿನ್ನೆ ರಾತ್ರಿ ಊಟದ ನಂತರ ಓದಿದೆ. ಸ್ಟೀಲು ಲೋಟದ ಜಾಗ ಬಂದಾಗ ಅಪ್ಪಯ್ಯ ಟಿವಿಯ ಸದ್ದು ಪೂರ್ತಿ ಇಳಿಸಿದರು. ಓದಿ ಮುಗಿದ ಮೇಲೂ ಅಮ್ಮ ಏನೂ ಹೇಳಲಿಲ್ಲ. ಎದ್ದು ಹೋಗಿ ಗೋದ್ರೇಜ್ ಕಪಾಟು ತೆರೆದು, ಧಾರೆ ಸೀರೆಯ ಕೆಳಗಿನಿಂದ ಹಳೇ ಪೇಪರಿನಲ್ಲಿ ಸುತ್ತಿದ್ದ ಏನನ್ನೋ ತೆಗೆದರು. ನನ್ನ ಔಷಧದ ಕಾರ್ಡು. ಆರು ತಿಂಗಳ ಒಂದೊಂದು ದಿನಕ್ಕೂ ಪೆನ್ಸಿಲಿನಲ್ಲಿ ಗೆರೆ ಹಾಕಿದ್ದರು, ನಾನು ನುಂಗಿದ್ದು ಎದುರೇ ನೋಡಿ ಹಾಕಿದ್ದು. ಇಷ್ಟು ವರ್ಷ ಅದು ಅಲ್ಲಿತ್ತು ಎಂದು ನನಗೆ ಗೊತ್ತಿರಲಿಲ್ಲ.

"ಇದರ ಫೋಟೋನೂ ಹಾಕ್ತ್ಯಾ?" ಎಂದು ಕೇಳಿದರು.